ಕರೆಂಟು ಬಂದ ಮೇಲಿನ ಮೂರು ಕೆಲಸ

ಸ್ವಿಚ್ಚು ಮುಟ್ಟುವ ಮೊದಲು ಅವರು ಬಲಗೈಯ ತೋರುಬೆರಳನ್ನು ಧೋತರದ ಚುಂಗಿಗೆ ಎರಡು ಸಲ ಒರೆಸಿಕೊಳ್ಳುತ್ತಿದ್ದರು. ಬೆರಳು ಒದ್ದೆಯಿರಲಿ, ಒಣಗಿರಲಿ, ಎರಡು ಸಲ. ಹೋದ ತಿಂಗಳು ಬಾಗೇವಾಡಿಯ ಬಸ್‌ಸ್ಟ್ಯಾಂಡಿನಲ್ಲಿ ಅವರ ಊರಿನವರೊಬ್ಬರು ಸಿಕ್ಕು, ಕಾಕಾ ತೀರಿಕೊಂಡು ಎಂಟು ದಿನವಾಯಿತು ಎಂದರು. ಆಗ ನನ್ನ ಕಣ್ಣ ಮುಂದೆ ಬಂದದ್ದು ಆ ಬೆರಳು. ಮುಖ ನೆನಪಾಗುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು.

ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾವಿಬ್ಬರೂ ಮುದ್ದೇಬಿಹಾಳದ ಒಂದು ಸಣ್ಣ ಕಚೇರಿಯಲ್ಲಿದ್ದೆವು. ಡೋಣಿ ಮತ್ತು ಭೀಮಾ ನದಿಗಳ ನೀರಿನ ಮಟ್ಟವನ್ನು ತಿಳಿದುಕೊಂಡು, ಕೆಳಗಿನ ಊರುಗಳಿಗೆ ಎಷ್ಟು ಹೊತ್ತಿಗೆ ಎಷ್ಟು ನೀರು ಬರುತ್ತದೆ ಎಂದು ಫೋನಿನಲ್ಲಿ ಹೇಳುವುದು ನಮ್ಮ ಕೆಲಸ. ನಾನು ಸಿಂದಗಿಯವನು, ಅಲ್ಲಿ ಟೈಪಿಸ್ಟ್. ಅವರು ಮನಗೂಳಿಯವರು, ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ತಾರ್ ಆಫೀಸಿನಲ್ಲಿ ಬಹಳ ವರ್ಷ ಕೆಲಸ ಮಾಡಿ ಬಂದಿದ್ದರು. ಮೇಲಿನ ಕಚೇರಿಯವರು ಲೆಕ್ಕಕ್ಕೆಂದು ಒಂದು ಕಂಪ್ಯೂಟರ್ ಕಳಿಸಿದಾಗ ಮೂರು ತಿಂಗಳ ತರಬೇತಿಗೆ ಅವರನ್ನೇ ಆರಿಸಿದರು. ಹಾಗೆ ಧೋತರ, ಬಿಳಿ ಟೊಪ್ಪಿಗೆಯ ಮನುಷ್ಯ ಕಂಪ್ಯೂಟರ್ ಆಪರೇಟರ್ ಆದರು. ಕಚೇರಿಗೆಲ್ಲ ಅವರು ಕಾಕಾ.

ಯಂತ್ರ ಕಬ್ಬಿಣದ ಕಪಾಟಿನಷ್ಟು ದೊಡ್ಡದಿತ್ತು. ಎದುರಿಗೆ ಹದಿನಾರು ಸ್ವಿಚ್ಚುಗಳ ಸಾಲು, ಅದರ ಮೇಲೆ ಹದಿನಾರು ಕೆಂಪು ದೀಪ. ಪಕ್ಕದಲ್ಲಿ ಟೆಲಿಪ್ರಿಂಟರ್, ಅದರಲ್ಲಿ ತೂತು ಹೊಡೆದ ಕಾಗದದ ಟೇಪು. ನಮ್ಮ ಊರಿನಲ್ಲಿ ಕರೆಂಟು ದಿನಕ್ಕೆ ಎರಡು ಸಲವಾದರೂ ಹೋಗುತ್ತಿತ್ತು. ಬಂದಾಗಲೆಲ್ಲ ಕಾಕಾ ಎದ್ದು, ಬೆರಳು ಒರೆಸಿ, ಬಲದಿಂದ ಎಡಕ್ಕೆ ಒಂದೊಂದೇ ಸ್ವಿಚ್ಚನ್ನು ಮೇಲೆ ಕೆಳಗೆ ಮಾಡುತ್ತ, ಬಾಯಿಬಿಟ್ಟು ಎಣಿಸುತ್ತಿದ್ದರು. ನಡುವೆ ಯಾರಾದರೂ ಮಾತಾಡಿದರೆ ಎಲ್ಲ ಸ್ವಿಚ್ಚು ಕೆಳಗಿಳಿಸಿ ಮೊದಲಿನಿಂದ ಶುರು. ನಮ್ಮ ಜವಾನ ಬೇಕೆಂದೇ ಹತ್ತನೆಯ ಸ್ವಿಚ್ಚಿನ ಹೊತ್ತಿಗೆ "ಕಾಕಾರ, ಚಹಾ" ಎನ್ನುತ್ತಿದ್ದ. ಅವರು ಸಿಟ್ಟಾಗುತ್ತಿರಲಿಲ್ಲ. ಮತ್ತೆ ಒಂದರಿಂದ ಎಣಿಸುತ್ತಿದ್ದರು. ಚಹಾ ಆರಿಹೋಗುತ್ತಿತ್ತು. ಆರಿದ್ದನ್ನೇ ಕುಡಿದು ಬಟ್ಟಲು ತಿರುಗಿ ಕೊಡುವಾಗ, "ನೀ ಇನ್ನ ಎರಡ ಸಲ ಕರದಿದ್ರ ಶರಬತ್ತ ಆಗ್ತಿತ್ತಲ್ಲೋ" ಎನ್ನುತ್ತಿದ್ದರು.

ಸಿಟ್ಟು ಬರುತ್ತಿದ್ದುದು ಫೋನಿನ ಮುಂದೆ. ನದಿ ದಂಡೆಯ ಅಳತೆಗಂಬ ನೋಡುವವರು ಹನ್ನೆರಡು ಅಡಿಯ ಮೇಲೆ ಸ್ವಲ್ಪ ಎಂದು ಹೇಳಿಬಿಟ್ಟರೆ ಇವರ ದನಿ ಏರುತ್ತಿತ್ತು. "ಸ್ವಲ್ಪ ಅಂದ್ರ ಎಷ್ಟರಿ? ನಿಮ್ಮ ಬೆರಳಿನಷ್ಟೋ, ನಿಮ್ಮ ಎಮ್ಮಿ ಕೋಡಿನಷ್ಟೋ? ಹೋಗಿ ನೋಡಿ ಬರ್ರಿ, ನಾ ಫೋನ್ ಹಿಡಕೊಂಡ ಕುಂತಿರತೇನಿ." ಅವರು ಹೋಗಿ ಬರುವ ತನಕ ಕಾಕಾ ನಿಜವಾಗಿಯೂ ಹಿಡಿದುಕೊಂಡೇ ಕೂತಿರುತ್ತಿದ್ದರು.

ಕರೆಂಟು ಬಂದಾಗ ಅವರು ಮಾಡುತ್ತಿದ್ದ ಮೂರು ಕೆಲಸಗಳನ್ನು ಇಲ್ಲಿ ವಿವರಿಸಬೇಕು. ವಿವರಿಸದೆ ಹೋದರೆ ಆಮೇಲೆ ನಡೆದದ್ದು ತಿಳಿಯುವುದಿಲ್ಲ. ಅಂದು ವಿಚಾರಣೆಯಲ್ಲಿ ತಿಳಿಯದೆ ಹೋದದ್ದೂ ಇದೇ.

ಯಂತ್ರದ ನೆನಪು ಸಣ್ಣ ಸಣ್ಣ ಕಬ್ಬಿಣದ ಉಂಗುರಗಳಲ್ಲಿತ್ತು. ಸಾಸಿವೆಗಿಂತ ತುಸು ದೊಡ್ಡ ಉಂಗುರಗಳು, ತಂತಿಯಲ್ಲಿ ಪೋಣಿಸಿದವು. ಕರೆಂಟು ಹೋದರೂ ಅವು ಮರೆಯುವುದಿಲ್ಲ. ಇದರ ಬಗ್ಗೆ ಕಾಕಾಗೆ ಹೆಮ್ಮೆಯಿತ್ತು. ಹೊಸಬರು ಬಂದರೆ ಒಂದು ಸಂಖ್ಯೆ ಹಾಕಿ, ಯಂತ್ರ ಬಂದ್ ಮಾಡಿ, ಚಾಲೂ ಮಾಡಿ, ಅದೇ ಸಂಖ್ಯೆ ದೀಪಗಳಲ್ಲಿ ಹೊತ್ತುವುದನ್ನು ತೋರಿಸುತ್ತಿದ್ದರು. ಆದರೆ ಯಂತ್ರದ ನಟ್ಟನಡುವೆ, ಲೆಕ್ಕ ಮಾಡುವ ಜಾಗದಲ್ಲಿ, ಮೂರು ರಿಜಿಸ್ಟರುಗಳಿದ್ದವು. ಒಂದೊಂದರಲ್ಲಿ ಒಂದೊಂದೇ ಸಂಖ್ಯೆ ಹಿಡಿಸುತ್ತದೆ. ಯಂತ್ರ ಹೇಗೆ ನಡೆಯಬೇಕು ಎನ್ನುವುದನ್ನು ಆ ಮೂರು ಸಂಖ್ಯೆಗಳೇ ನಿರ್ಧರಿಸುತ್ತವೆ. ಇವು ಮಾತ್ರ ಕರೆಂಟು ಹೋದ ಕ್ಷಣವೇ ಎಲ್ಲ ಮರೆಯುತ್ತಿದ್ದವು. ಕರೆಂಟು ಬಂದಾಗ ಅವುಗಳಲ್ಲಿ ಏನು ಬೇಕಾದರೂ ಇರಬಹುದು. ಆದ್ದರಿಂದ ಮಾನಿಟರ್ ಎಂಬ ಮೂಲ ಪ್ರೋಗ್ರಾಮನ್ನು ಎಬ್ಬಿಸುವ ಮೊದಲು ಮೂರನ್ನೂ ಆ ಹದಿನಾರು ಸ್ವಿಚ್ಚುಗಳಿಂದ ಕೈಯಾರೆ ತುಂಬಬೇಕಿತ್ತು. ಇಂದಿನವರು ಆ ಪ್ರೋಗ್ರಾಮನ್ನು ಕರ್ನಲ್ ಎನ್ನುತ್ತಾರೆ.

ನನಗೆ ಅವರು ಹೇಳಿಕೊಟ್ಟದ್ದು ಹೀಗೆ. "ನೀವು ಬೀಗರ ಊರಾಗ ಮಲಗಿ ಮುಂಜಾನಿ ಎದ್ರಿ ಅಂತ ತಿಳೀರಿ. ಕಣ್ಣ ತೆರದ ಕೂಡ್ಲೆ ಮೂರ ಗೊತ್ತಾಗಬೇಕು. ಹೊರಗ ಯಾರರೆ ಕರದ್ರ ಈಗ ಓ ಅನಬೇಕೋ ಬ್ಯಾಡೋ. ನಾ ಯಾವ ಖೋಲ್ಯಾಗ ಅದೇನಿ. ನಿನ್ನಿ ಕೆಲಸ ಎಲ್ಲಿಗೆ ಬಿಟ್ಟಿದ್ದೆ. ಇದು ಗೊತ್ತಿಲ್ಲದ ಎದ್ದ ನಡದ್ರ ಗ್ವಾಡಿ ಬಡೀತೈತಿ."

ನಾನು ನಕ್ಕೆ. ಅವರು ನಗಲಿಲ್ಲ. "ಗ್ವಾಡಿ ಬಡದ್ರ ಚಲೋ ರೀ. ಹಣಿ ನೋಯತೈತಿ, ಎಚ್ಚರಾಗತೈತಿ. ಇನ್ನೊಬ್ಬರ ಖೋಲಿ ಬಾಗಲಾ ಸಿಕ್ಕ್ರ ಕೆಟ್ಟ. ಅದಾ ನಮ್ಮ ಖೋಲಿ ಅಂತ ಕುಂತಬಿಡತೀರಿ."

ಹೊರಗಿನ ಕರೆಗೆ ಯಂತ್ರ ಓಗೊಡಬೇಕೋ ಬೇಡವೋ ಎನ್ನುವುದು ಮೊದಲನೆಯ ರಿಜಿಸ್ಟರು, ಕೆಲಸ ಎಲ್ಲಿಗೆ ನಿಂತಿತ್ತು ಎನ್ನುವುದು ಮೂರನೆಯದು. ಖೋಲಿ, ಅಂದರೆ ಕೋಣೆ, ಎಂದು ಅವರು ಹೇಳಿದ್ದು ಎರಡನೆಯ ರಿಜಿಸ್ಟರಿನ ವಿಷಯ. ಉಂಗುರಗಳ ನೆನಪನ್ನು ಎರಡು ಖಾನೆ ಮಾಡಿದ್ದರು. ಒಂದರಲ್ಲಿ ಭೀಮಾ ನದಿಯ ಕೋಷ್ಟಕ, ಇನ್ನೊಂದರಲ್ಲಿ ಡೋಣಿಯದು. ಇಷ್ಟು ಅಡಿ ಎತ್ತರವಿದ್ದರೆ ಇಷ್ಟು ನೀರು ಎಂಬ ಕೋಷ್ಟಕಗಳು. ಯಾವ ಖಾನೆ ಮೊದಲು, ಯಾವುದು ಆಮೇಲೆ ಎನ್ನುವುದು ಆ ರಿಜಿಸ್ಟರಿನಲ್ಲಿತ್ತು. ಅದು ತಿರುಗುಮುರುಗಾದರೆ ಅಚ್ಚಾಗುವ ಹೆಸರು ಒಂದು ನದಿಯದು, ಸಂಖ್ಯೆ ಇನ್ನೊಂದರದು. ಭೀಮಾ ಅಗಲವಾದ, ಆಳವಾದ ನದಿ. ಡೋಣಿ ಸಣ್ಣದು, ಆದರೆ ಕರಿಮಣ್ಣಿನ ಸಪಾಟು ಹೊಲಗಳ ನಡುವೆ ಉಕ್ಕಿತೆಂದರೆ ದಂಡೆ ಎನ್ನುವುದೇ ಇಲ್ಲ. ಹದಿನಾಲ್ಕು ಅಡಿ ಭೀಮಾಗೆ ಏನೂ ಅಲ್ಲ. ಡೋಣಿಗೆ ಬಹಳವಾಯಿತು.

ಈ ಮೂರು ಕೆಲಸ ಮನುಷ್ಯನ ಕೈಯಲ್ಲಿರಬಾರದು ಎಂಬುದು ಕಾಕಾನ ವಾದ. ಮಾನಿಟರಿನ ಟೇಪಿನ ಆರಂಭದಲ್ಲಿಯೇ ಮೂರು ಸೂಚನೆ ಸೇರಿಸಿದರೆ ಯಂತ್ರ ಎದ್ದ ಕೂಡಲೇ ತಾನೇ ರಿಜಿಸ್ಟರುಗಳನ್ನು ತುಂಬಿಕೊಳ್ಳುತ್ತದೆ ಎಂದು ಮೇಲಿನ ಕಚೇರಿಗೆ ಪತ್ರ ಬರೆಸಿದರು. ಟೈಪು ಮಾಡಿದವನು ನಾನು. ಆಪರೇಟರು ಅಗತ್ಯ ಕ್ರಮ ಕೈಗೊಳ್ಳತಕ್ಕದ್ದು ಎಂದು ಉತ್ತರ ಬಂತು. ಎರಡನೆಯ ಪತ್ರಕ್ಕೂ ಅದೇ ಉತ್ತರ, ಅದೇ ಶಬ್ದಗಳು. ಮೂರನೆಯದಕ್ಕೆ ಉತ್ತರವೇ ಬರಲಿಲ್ಲ. "ಮನಶಾ ಮರೀತಾನ್ರಿ, ಟೇಪ ಮರಿಯಂಗಿಲ್ಲ" ಎಂದು ಅವರು ನನ್ನ ಮೇಜಿನ ಅಂಚನ್ನು ಬೆರಳಿನಿಂದ ಬಡಿಯುತ್ತಿದ್ದುದು ನೆನಪಿದೆ. ಮೂರೇ ಮೂರು ಸೂಚನೆ. ಒಂದು ಗೇಣು ಟೇಪಿನಷ್ಟೂ ಇಲ್ಲ. ಕೊನೆಗೆ ಒಂದು ರಟ್ಟಿನ ಮೇಲೆ ಮೂರು ಕೆಲಸಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ಯಂತ್ರದ ಪಕ್ಕದ ಗೋಡೆಗೆ ಅಂಟಿಸಿದರು.

ಆ ವರ್ಷ ಖಂಡೆ ಪೂಜೆಯ ದಿನ ಕಚೇರಿಯಲ್ಲಿಯೂ ಎಲ್ಲ ಯಂತ್ರಗಳನ್ನು ಬಂದ್ ಮಾಡಿದೆವು. ನಮ್ಮ ಕಡೆ ಆ ದಿನ ಕುಡಗೋಲು, ಕೊಡಲಿ, ತಕ್ಕಡಿ, ಲಾರಿ, ಎಲ್ಲಕ್ಕೂ ಪೂಜೆ. ಪೂಜೆಗೆ ಕೂಡಿಸಿದ ಆಯುಧವನ್ನು ಮರುದಿನ ಬನ್ನಿ ಮುಡಿಯುವ ತನಕ ಮುಟ್ಟುವುದಿಲ್ಲ. ನನ್ನ ಟೈಪ್‌ರೈಟರಿಗೆ ಚೆಂಡು ಹೂವಿನ ಮಾಲೆ ಹಾಕಿದರು. ಕಾಕಾ ಕಂಪ್ಯೂಟರಿನ ಮೇನ್ ಸ್ವಿಚ್ಚು ಬಂದ್ ಮಾಡಿ, ಯಂತ್ರವನ್ನು ಒಣ ಬಟ್ಟೆಯಿಂದ ಒರೆಸಿ, ವಿಭೂತಿ ಹಚ್ಚಿದರು. ಸ್ವಿಚ್ಚುಗಳ ಸಾಲಿಗೆ ಮಾತ್ರ ಯಾರಿಗೂ ಕುಂಕುಮ ಹಚ್ಚಗೊಡಲಿಲ್ಲ. ಮಳೆ ಬಿಟ್ಟು ವಾರವಾಗಿತ್ತು. ನಮ್ಮ ಕಚೇರಿಯ ಮುಖ್ಯಸ್ಥರನ್ನು ನಾವು ಸಾಹೇಬರು ಎನ್ನುತ್ತಿದ್ದೆವು. ಅವರೇ ಕಾಕಾನಿಗೆ, ಊರಿಗೆ ಹೋಗಿ ಹಬ್ಬ ಮಾಡಿಕೊಂಡು ಬನ್ನಿ, ಮಿಶನ್ನೂ ಒಂದು ದಿನ ಮಲಗಲಿ ಎಂದರು. ಬಾಯಿಮಾತಿನಲ್ಲಿ ಹೇಳಿದ್ದು, ಬರೆದು ಕೊಟ್ಟದ್ದಲ್ಲ. ನಾನು ಕೇಳಿಸಿಕೊಂಡಿದ್ದೇನೆ. ಕಾಕಾ ಮಧ್ಯಾಹ್ನದ ಬಸ್ಸಿಗೆ ಮನಗೂಳಿಗೆ ಹೋದರು.

ಆ ಸಂಜೆಯಿಂದ ಮೇಲೆಲ್ಲೋ ಮಳೆ ಹೊಯ್ದಿತ್ತು. ಮರುದಿನ, ದಸರೆಯ ಬೆಳಿಗ್ಗೆ ಹತ್ತರ ಸುಮಾರಿಗೆ ಡೋಣಿಯ ಮೇಲಿನ ಅಳತೆಗಂಬದಿಂದ ಫೋನು ಬಂತು. ಹದಿನಾಲ್ಕು ಅಡಿ, ಏರುತ್ತಿದೆ. ಕಚೇರಿಯಲ್ಲಿ ಸಾಹೇಬರು, ನಾನು, ಜವಾನ ಮೂವರೇ. ಸಾಹೇಬರು ಮೇನ್ ಸ್ವಿಚ್ಚು ಹಾಕಿದರು. ದೀಪಗಳು ಹೊತ್ತಿದವು. ನಾನು ಗೋಡೆಯ ರಟ್ಟನ್ನು ತೋರಿಸಿದೆ.

"ಪಟ್ಟಿ ಐತ್ರಿ ಸರ."

"ಅದು ಹೊಸಾ ಟೇಪ್ ಹಾಕೂವಾಗ. ಕರೆಂಟ್ ಹೋದ್ರೂ ಇದು ಮರಿಯಂಗಿಲ್ಲಂತ ಕಾಕಾನಾ ತೋರ್ಸ್ಯಾನಲ್ಲ ನಿನಗ?"

ತೋರಿಸಿದ್ದು ನಿಜ. ಸಾಹೇಬರಿಗೂ ತೋರಿಸಿದ್ದರು. ನಾನು ಇನ್ನೊಂದು ಸಲ ಹೇಳಲಿಲ್ಲ. ಸಾಹೇಬರು ಮಾಲೆಯನ್ನು ಪಕ್ಕಕ್ಕೆ ಸರಿಸಿ ಸ್ಟಾರ್ಟ್ ಒತ್ತಿದರು. ಯಂತ್ರ ಎಂದಿನಂತೆ ಎದ್ದಿತು. ಯಾವ ಗೋಡೆಗೂ ಬಡಿಯಲಿಲ್ಲ. ಅಡಿಗಳನ್ನು ಕೊಟ್ಟೆವು. ಟೆಲಿಪ್ರಿಂಟರ್ ಡೋಣಿಯ ಹೆಸರು ಹಾಕಿ, ಒಂದು ಸಂಖ್ಯೆಯನ್ನು ಚೊಕ್ಕಟವಾಗಿ ಅಚ್ಚು ಹಾಕಿತು. ನೀರು ದಂಡೆಯೊಳಗೇ ಹೋಗುತ್ತದೆ ಎಂದು ಆ ಸಂಖ್ಯೆಯ ಅರ್ಥ. ಸಾಹೇಬರು ಕೆಳಗಿನ ಪೊಲೀಸ್ ಚೌಕಿಗೆ ಫೋನು ಮಾಡಿ ಹಾಗೆಯೇ ಹೇಳಿದರು. ಆ ಸಂಖ್ಯೆ ಭೀಮಾ ನದಿಯ ಕೋಷ್ಟಕದಿಂದ ಬಂದದ್ದೆಂದು ಆ ಹೊತ್ತಿನಲ್ಲಿ ನಮಗಿಬ್ಬರಿಗೂ ಗೊತ್ತಿರಲಿಲ್ಲ.

ಯಂಕಂಚಿಯ ಕುರುಬರೊಬ್ಬರು ಡೋಣಿಯ ದಂಡೆಯ ಹೊಲದಲ್ಲಿ ಕುರಿಮಂದೆ ತರುಬಿ ಕೂಡಿಸಿದ್ದರು. ಮಧ್ಯಾಹ್ನದ ಮೇಲೆ ನೀರು ಬಂತು. ಅವರು, ಅವರ ಮಗ ಜಾಲಿಮರ ಹಿಡಿದು ಉಳಿದರು. ಕುರಿ ಒಂದೂ ಉಳಿಯಲಿಲ್ಲ. ಎರಡು ದಿನ ಬಿಟ್ಟು ಆ ಮನುಷ್ಯ ನಮ್ಮ ಕಚೇರಿಗೆ ನಡೆದು ಬಂದರು. ಕೂಗಾಡಲಿಲ್ಲ. ಬಾಗಿಲಲ್ಲಿ ನಿಂತು ಕೈಯಲ್ಲಿದ್ದ ಬಡಿಗೆಯನ್ನು ಗೋಡೆಗೆ ಆನಿಸಿ ಹೇಳಿದರು. "ಹೊಳಿ ಸಪ್ಪಳ ಕೇಳಿತ್ರಿ ನನಗ. ಏಳಬೇಕಂತಿದ್ದೆ. ಮುದ್ದೇಬಿಹಾಳದಿಂದ ಫೋನ್ ಬಂದೈತಿ, ನೀರ ಬರಂಗಿಲ್ಲ, ಕೂಡು ಅಂದ್ರು ಚೌಕಿಯವರು. ಕುಂತೆ."

ಕಾಕಾ ದಸರೆಯ ಮರುದಿನ ಬೆಳಿಗ್ಗೆಯ ಬಸ್ಸಿಗೆ ಬಂದಿದ್ದರು. ಅವರಿಗೆ ಸುದ್ದಿ ಗೊತ್ತಿರಲಿಲ್ಲ. ಅಂಗಿಯ ಜೇಬಿನಿಂದ ಬನ್ನಿ ಎಲೆ ತೆಗೆದು ಮೊದಲು ಸಾಹೇಬರ ಕೈಗೆ ಕೊಟ್ಟು, ಬನ್ನಿ ತಗೊಂಡು ಬಂಗಾರದ್ಹಂಗ ಇರೂಣ್ರಿ ಎಂದರು. ಸಾಹೇಬರು ಎಲೆಯನ್ನು ಹಿಡಿದುಕೊಂಡೇ ನಿಂತರು. ಕಾಕಾ ನಮ್ಮ ಮುಖ ನೋಡಿದರು, ಟೆಲಿಪ್ರಿಂಟರಿನ ಹಾಳೆ ನೋಡಿದರು. ಓದುತ್ತಲೇ ಕೋಷ್ಟಕದ ಪುಸ್ತಕ ತೆಗೆದು ಡೋಣಿಯ ಸಾಲು ನೋಡಿದರು, ಆಮೇಲೆ ಭೀಮಾದ ಸಾಲು. ಬೆರಳು ಅಲ್ಲಿ ನಿಂತಿತು. "ಮೂರರೊಳಗ ಎರಡನೇದ್ದು" ಎಂದರು. ಯಾರು ಎಂದು ಕೇಳಲಿಲ್ಲ.

ಕೆಲವು ವಾರಗಳಾದ ಮೇಲೆ ವಿಚಾರಣೆಗೆ ಒಬ್ಬ ಅಧಿಕಾರಿ ಬಂದರು, ದಕ್ಷಿಣದ ಕಡೆಯವರು. ಕಾಕಾನ ನೌಕರಿಯೂ ಮಾನವೂ ಆ ಒಂದು ದಿನದ ಮೇಲೆ ನಿಂತಿದ್ದವು. ಸಾಹೇಬರ ಹೇಳಿಕೆಯನ್ನು ಟೈಪು ಮಾಡಿದವನು ನಾನೇ. ಬೆಳಿಗ್ಗೆ ಯಂತ್ರವನ್ನು ಚಾಲೂ ಮಾಡಲಾಯಿತು ಎಂದು ಅದರಲ್ಲಿತ್ತು. ಯಾರು ಮಾಡಿದರು ಎಂದಿರಲಿಲ್ಲ. ನಂತರ ನನ್ನನ್ನು ಕರೆದರು. ಯಂತ್ರ ಚಾಲೂ ಮಾಡುವುದು ಯಾರ ಜವಾಬ್ದಾರಿ? ಆಪರೇಟರರದು. ಆ ಬೆಳಿಗ್ಗೆ ಅವರು ಕಚೇರಿಯಲ್ಲಿದ್ದರೇ? ಇರಲಿಲ್ಲ. ಎಲ್ಲಿದ್ದರು? ಮನಗೂಳಿಯಲ್ಲಿ. ಲಿಖಿತ ರಜೆ ಇತ್ತೆ? ಇರಲಿಲ್ಲ. ನಾಲ್ಕೂ ಉತ್ತರ ನಿಜ. ಇಷ್ಟೇನಾ ಎಂದು ಅಧಿಕಾರಿ ಕೇಳಿದಾಗ ಇಷ್ಟೇ ಎಂದೆ. ಸಾಕ್ಷಿ ಕೇಳಿದ್ದಕ್ಕಷ್ಟೇ ಉತ್ತರ ಕೊಡಬೇಕು ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಸಾಹೇಬರು ನನ್ನ ಎಡಕ್ಕೆ ಕುರ್ಚಿಯಲ್ಲಿ ಕೂತಿದ್ದರು. ಅವರ ಮೊಣಕೈ ನನ್ನ ಮೊಣಕೈಗೆ ತಾಗುತ್ತಿತ್ತು.

ಕಾಕಾ ತಮ್ಮ ಸರದಿ ಬಂದಾಗ, ಯಾರ ಹೆಸರನ್ನೂ ಎತ್ತದೆ, ಒಂದೇ ಮಾತು ಕೇಳಿದರು. ಯಂತ್ರದ ಮುಂದೆ ಬಂದು ನೋಡಬೇಕು, ಮೂರು ರಿಜಿಸ್ಟರು ತುಂಬದೆ ಚಾಲೂ ಮಾಡಿದರೆ ಸಂಖ್ಯೆ ಹೇಗೆ ತಪ್ಪುತ್ತದೆ ಎಂದು ತೋರಿಸುತ್ತೇನೆ ಎಂದರು. ಅಧಿಕಾರಿ ಒಪ್ಪಿದರು. ಎಲ್ಲರೂ ಹೋದೆವು. ಅವರು ಬೆರಳನ್ನು ಎರಡು ಸಲ ಒರೆಸಿಕೊಂಡು ಮೇನ್ ಬಂದ್ ಮಾಡಿದರು. ಸ್ವಲ್ಪ ಹೊತ್ತು ಬಿಟ್ಟು ಹಾಕಿದರು. ರಟ್ಟಿನಲ್ಲಿದ್ದ ಒಂದು ಕೆಲಸವನ್ನೂ ಮಾಡದೆ ಸ್ಟಾರ್ಟ್ ಒತ್ತಿ, ಅಂದಿನ ಹದಿನಾಲ್ಕು ಅಡಿಯನ್ನೇ ಕೊಟ್ಟರು.

ಟೆಲಿಪ್ರಿಂಟರ್ ಅಚ್ಚು ಹಾಕಿತು. ಅಧಿಕಾರಿ ಹಾಳೆಯನ್ನು ಹರಿದು ಪುಸ್ತಕದ ಪಕ್ಕ ಇಟ್ಟು ನೋಡಿದರು. ಸಂಖ್ಯೆ ಸರಿಯಾಗಿತ್ತು. ಡೋಣಿಯ ಸಾಲೇ.

ರಿಜಿಸ್ಟರಿನಲ್ಲಿ ಏನು ಬೇಕಾದರೂ ಇರಬಹುದು ಎಂದ ಮೇಲೆ, ಸರಿಯಾದದ್ದೂ ಇರಬಹುದು. ಆ ದಿನ, ಆ ಒಂದು ಸಲ, ಸರಿಯಾದದ್ದೇ ಇತ್ತು.

"ಇನ್ನೊಮ್ಮಿ ನೋಡ್ರಿ ಸಾಹೇಬರ" ಎಂದರು ಕಾಕಾ. ಮೇನ್ ಸ್ವಿಚ್ಚಿನತ್ತ ಮತ್ತೆ ಕೈ ಚಾಚಿ ಅಧಿಕಾರಿಯ ಕಡೆ ತಿರುಗಿದರು. "ಒಮ್ಮೊಮ್ಮಿ ಸರಿ ಬೀಳತೈತಿ. ಅದಾ ಅದರ ಕೆಟ್ಟತನ. ನಾಕ ಸಲ ನೋಡ್ರಿ."

"ಒಂದು ಸಲ ಸರಿ, ಒಂದು ಸಲ ತಪ್ಪು ಅಂದ್ರೆ ಅದನ್ನ ಯಂತ್ರ ಅಂತಾರೇನ್ರೀ? ನಡೆಸೋರ ಕೈಯಲ್ಲಿರುತ್ತೆ ದೋಷ" ಎಂದು ಅಧಿಕಾರಿ ಗಡಿಯಾರ ನೋಡಿಕೊಂಡರು. ಅವರಿಗೆ ಬಸ್ಸಿನ ಹೊತ್ತಾಗಿತ್ತು. ನಾಲ್ಕು ಸಲ ನೋಡಲು ಕಾಲು ಗಂಟೆಯೂ ಬೇಕಿರಲಿಲ್ಲ. ಕಾಲು ಗಂಟೆ.

ಕಾಕಾನನ್ನು ಇಂಡಿ ತಾಲೂಕಿನ ಭೀಮಾ ದಂಡೆಗೆ ಅಳತೆಗಂಬ ನೋಡುವ ಕೆಲಸಕ್ಕೆ ಇಳಿಸಿದರು. ಹೋಗುವ ದಿನ ಅವರು ನನಗೆ ಹದಿನಾರು ಸ್ವಿಚ್ಚುಗಳನ್ನು ಎಣಿಸುವುದನ್ನು ಕಲಿಸಿಕೊಟ್ಟರು. ಹೊಸ ಆಪರೇಟರು ಬರುವ ತನಕ ನಾನೇ ನೋಡಿಕೊಳ್ಳಬೇಕಿತ್ತು. ಅವರು ಆ ದಿನದ ಬಗ್ಗೆ ನನ್ನನ್ನು ಏನೂ ಕೇಳಲಿಲ್ಲ. ನನ್ನ ಎಣಿಕೆ ತಪ್ಪಿದಾಗ ಮಾತ್ರ, "ಮೊದಲಿಂದ" ಎಂದರು.

ಆಮೇಲಿನ ತಿಂಗಳುಗಳಲ್ಲಿ ಕರೆಂಟು ಹೋಗಿ ಬಂದಾಗ, ಕೋಣೆಯಲ್ಲಿ ಯಾರೂ ಇಲ್ಲದಿದ್ದರೆ, ನಾನು ರಿಜಿಸ್ಟರು ತುಂಬದೆ ಸ್ಟಾರ್ಟ್ ಒತ್ತಿ ನೋಡುತ್ತಿದ್ದೆ. ಹದಿನಾಲ್ಕು ಅಡಿ ಕೊಟ್ಟು, ಬಂದ ಸಂಖ್ಯೆಯನ್ನು ಒಂದು ಹಾಳೆಯಲ್ಲಿ ಬರೆಯುತ್ತಿದ್ದೆ. ಹನ್ನೊಂದು ಸಲ ಮಾಡಿದೆ. ನಾಲ್ಕು ಸಲ ಡೋಣಿ, ಏಳು ಸಲ ಭೀಮಾ. ಅಷ್ಟರಲ್ಲಿ ಮೇಲಿನ ಕಚೇರಿಯಿಂದ ಹೊಸ ಮಾನಿಟರ್ ಟೇಪು ಬಂತು. ಅದರ ಜೊತೆಗಿದ್ದ ಪಟ್ಟಿಯ ಮೊದಲ ಮೂರು ಸಾಲು ನೋಡಿದೆ. ಅವೇ ಮೂರು ಸೂಚನೆ, ಕಾಕಾ ಪತ್ರದಲ್ಲಿ ಬರೆಸಿದ್ದ ಕ್ರಮದಲ್ಲಿಯೇ. ಎಲ್ಲ ಕಚೇರಿಗಳ ಅನುಕೂಲಕ್ಕಾಗಿ ಸುಧಾರಣೆ ಮಾಡಲಾಗಿದೆ ಎಂಬ ಒಂದು ಚೀಟಿ ಇತ್ತು. ಇನ್ನೇನೂ ಇರಲಿಲ್ಲ.

ಒಂದು ಭಾನುವಾರ ಝಳಕಿಯಲ್ಲಿ ಬಸ್ಸಿಳಿದು, ಅಲ್ಲಿಂದ ಹಾಲಿನ ಗಾಡಿ ಹಿಡಿದು ಅವರಿದ್ದಲ್ಲಿಗೆ ಹೋದೆ. ದಂಡೆಯ ಮೇಲೆ ಒಂದು ತಗಡಿನ ಕೋಣೆ. ಅವರು ಬಹಳ ಖುಷಿಪಟ್ಟರು. ರೊಟ್ಟಿ, ಶೇಂಗಾ ಹಿಂಡಿ ಉಣಿಸಿದರು. ಹೊಸ ಟೇಪಿನ ಸುದ್ದಿ ಹೇಳಿದೆ. "ಹಾಕಿದ್ರಲ್ಲ, ಚಲೋ ಆತು" ಎಂದರು. ಅದನ್ನು ನಿಜವಾಗಿ ಹೇಳಿದರು, ವ್ಯಂಗ್ಯ ಇರಲಿಲ್ಲ. ಆಗ ನಾನು ಜೇಬಿನಿಂದ ಆ ಹಾಳೆ ತೆಗೆದುಕೊಟ್ಟೆ.

ಅವರು ಬೆಳಕಿಗೆ ಹಿಡಿದು ಓದಿದರು. ಪ್ರತಿ ಸಲ ಎಷ್ಟು ಹೊತ್ತು ಬಂದ್ ಇತ್ತು ಎಂದು ಕೇಳಿದರು. ಅದನ್ನು ನಾನು ಬರೆದಿರಲಿಲ್ಲ. ತಲೆಯಾಡಿಸಿ ಎರಡನೆಯ ಸಲ ಓದಿದರು. ಆಮೇಲೆ ಮೊದಲಿನ ಮಡಿಕೆಗಳಲ್ಲಿಯೇ ಮಡಚಿ ನನ್ನ ಕೈಯಲ್ಲಿಟ್ಟರು.

"ಇದನ್ನ ನನಗ್ಯಾಕ ತೋರಸ್ತೀರಿ ತಮ್ಮಾ? ನನಗ ಮೊದಲಿಂದಾ ಗೊತ್ತೈತಿ."

ಅಷ್ಟು ಹೇಳಿ, ಮಧ್ಯಾಹ್ನದ ಅಳತೆ ನೋಡುವ ಹೊತ್ತಾಯಿತೆಂದು ಎದ್ದು ನೀರಿನ ಕಡೆ ಇಳಿದರು. ನಾನು ಮೇಲೆ ನಿಂತು ನೋಡಿದೆ. ಕಂಬದ ಹತ್ತಿರ ಕುಕ್ಕರಗಾಲಲ್ಲಿ ಕೂತು, ಅಲೆ ಸುಮ್ಮನಾಗುವ ತನಕ ಕಾದು, ಬಗ್ಗಿ ಓದಿ, ಬಾಯಿಬಿಟ್ಟು ಹೇಳಿಕೊಂಡು, ಮತ್ತೊಮ್ಮೆ ಓದಿದರು.

ಅವರು ನಿವೃತ್ತರಾಗುವ ತನಕ ಅಲ್ಲಿಯೇ ಇದ್ದರು. ಆ ಹಾಳೆಯನ್ನು ನಾನು ಯಾರಿಗೂ ಕಳಿಸಲಿಲ್ಲ. ಮೊದಲು ಸಾಹೇಬರು ಇದ್ದರು, ಆಮೇಲೆ ನನ್ನ ಬಡ್ತಿ ಇತ್ತು, ಆಮೇಲೆ ಹಳೆಯದಾಯಿತು ಎನ್ನುವುದಿತ್ತು. ಕಚೇರಿಯೂ ಮುಚ್ಚಿತು. ಸಾಹೇಬರು ಈಗಿಲ್ಲ, ವಿಚಾರಣೆಯ ಅಧಿಕಾರಿ ಎಲ್ಲಿದ್ದಾರೋ ತಿಳಿಯದು. ಕೇಳುವವರು ಯಾರೂ ಉಳಿದಿಲ್ಲ. ಅಂದು ಕೇಳದೆ ಹೋದದ್ದನ್ನು ಕೇಳದೆಯೇ ಇಲ್ಲಿ ಹೇಳುತ್ತಿದ್ದೇನೆ.

ದಸರೆಯ ದಿನ ಬೆಳಿಗ್ಗೆ ಹತ್ತರ ಸುಮಾರಿಗೆ ಯಂತ್ರವನ್ನು ಚಾಲೂ ಮಾಡಿದವರು ನಮ್ಮ ಸಾಹೇಬರು. ಗೋಡೆಯ ಮೇಲಿದ್ದ ಮೂರು ಕೆಲಸಗಳಲ್ಲಿ ಒಂದನ್ನೂ ಅವರು ಮಾಡಲಿಲ್ಲ. ಆಪರೇಟರಿಗೆ ಊರಿಗೆ ಹೋಗು ಎಂದವರೂ ಅವರೇ. ನಾನು ಯಂತ್ರದಿಂದ ಎರಡು ಹೆಜ್ಜೆ ದೂರದಲ್ಲಿ ನಿಂತಿದ್ದೆ. ರಟ್ಟಿನ ಮೇಲಿನ ಅಕ್ಷರ ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಒಂದು ಸಲ ಹೇಳಿದೆ. ಎರಡನೆಯ ಸಲ ಹೇಳಲಿಲ್ಲ.